ಅರವತ್ತಕ್ಕೆ ಅರಳು ಮರಳೇ? ಹೊಸೂರು ಸೀಮೆಯ ಹಿರಿಯರು ಮತ್ತು ಹೆಬ್ಬೆಟ್ಟಿನ ಚರಿತ್ರೆ

ಒಂದು ಘಟನೆಯಿಂದ ಶುರು ಮಾಡ್ತೀನಿ. ಪಿಂಚಣಿ ಕೆಲಸಕ್ಕೆ ನಮ್ಮಜ್ಜಿಯನ್ನು ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಅರ್ಜಿ ತಮಿಳಿನಲ್ಲಿತ್ತು. ಅಜ್ಜಿ ಅದನ್ನು ತಿರುಗಿಸಿ ನೋಡುವಷ್ಟರಲ್ಲಿ ಗುಮಾಸ್ತರು ನನ್ನ ಕಡೆ ನೋಡಿ, "ವಯಸ್ಸಾದವರು, ಓದೋಕೆ ಬರಲ್ಲ, ಹೆಬ್ಬೆಟ್ಟು ಒತ್ತಿಸಿಬಿಡಿ" ಅಂದರು. ನಾನೇ ಕೈ ಹಿಡಿದು ಒತ್ತಿಸಿದೆ. ದಿನಾ ಕನ್ನಡ ಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದುವ ಹೆಂಗಸು ಅವರು. ದಾರಿಯಲ್ಲಿ ಬೆರಳಿನ ಮಸಿ ಒರೆಸಿಕೊಳ್ತಾ, "ನಂಗೆ ಸೈನ್ ಮಾಡಕ್ಕೆ ಬರ್ತದಲ್ಲಪ್ಪಾ" ಅಂದರು, ಅಷ್ಟೆ.

ಈ ಹೆಬ್ಬೆಟ್ಟಿಗೆ ಒಂದು ಚರಿತ್ರೆ ಇದೆ. ಅಜ್ಜಿ ಕನ್ನಡ ಶಾಲೆಗೆ ಹೋದಾಗ ಹೊಸೂರು, ಡೆಂಕಣಿಕೋಟೆ ಎಲ್ಲ ಮದ್ರಾಸ್ ರಾಜ್ಯದ ಸೇಲಂ ಜಿಲ್ಲೆಯಲ್ಲಿದ್ದವು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಈ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಅದೇ ವರ್ಷದ ಕಾಯ್ದೆ ತಮಿಳನ್ನು ಆಡಳಿತ ಭಾಷೆ ಮಾಡಿತು. 1965ರಲ್ಲಿ ಜಿಲ್ಲೆ ಧರ್ಮಪುರಿಯಾಯಿತು, 2004ರಲ್ಲಿ ಕೃಷ್ಣಗಿರಿಯಾಯಿತು. ಅಜ್ಜಿ ಊರು ಬಿಟ್ಟು ಕದಲಲಿಲ್ಲ, ಕಚೇರಿಯ ಅಕ್ಷರ ಬದಲಾಯಿತು. 2006ರ ಕಾಯ್ದೆ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿದ ಮೇಲೆ ಮೊಮ್ಮಕ್ಕಳು ಅದನ್ನು ಕಲಿತರು. ಕಲಿತದ್ದು ತಪ್ಪಲ್ಲ. ಆದರೆ ಅಲ್ಲಿಂದಾಚೆ ಅಜ್ಜಿಯ ಪರವಾಗಿ ಮಾತಾಡುವ ಹಕ್ಕೂ ನಮಗೇ ಬಂತು ಅಂದುಕೊಂಡೆವು.

ವಯಸ್ಸಿನ ತಾರತಮ್ಯಕ್ಕೆ ಇಂಗ್ಲಿಷಿನಲ್ಲಿ 'ಏಜಿಸಂ' ಎಂಬ ಹೆಸರು ಕೊಟ್ಟವರು ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್, 1969ರಲ್ಲಿ. ನಮ್ಮಲ್ಲಿ ಅದಕ್ಕೆ ಗಾದೆಯೇ ಇದೆ: ಅರವತ್ತಕ್ಕೆ ಅರಳು ಮರಳು. ಬೇಂದ್ರೆಯವರು ಅರವತ್ತರ ಹೊತ್ತಿಗೆ ಆ ಮಾತನ್ನೇ ತಮ್ಮ ಕವನಸಂಕಲನಕ್ಕೆ ಹೆಸರಾಗಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಾದೆ ಮಾತ್ರ ಹಾಗೇ ಉಳಿಯಿತು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ 'ಜೀವನಾಂಶ' ಅಂದರೆ ಅನ್ನ, ಬಟ್ಟೆ, ವಸತಿ, ಚಿಕಿತ್ಸೆ. ಎದುರಿಗೆ ಕೂತವರನ್ನೇ ಕೇಳಬೇಕು ಅನ್ನೋ ಮರ್ಯಾದೆ ಆ ಪಟ್ಟಿಯಲ್ಲಿಲ್ಲ.

ಸಭೆಯಿಂದ ಪ್ರಶ್ನೆ: ಇದು ಭಾಷೆಯ ಸಮಸ್ಯೆ ಅಲ್ವಾ? ವಯಸ್ಸಿನದ್ದು ಹೇಗಾಯ್ತು?

ಉತ್ತರ: ಒಳ್ಳೆಯ ಪ್ರಶ್ನೆ. ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಿಗೆ ಉತ್ತರದಿಂದ ಬರುವ ಹುಡುಗರಿಗೂ ತಮಿಳು ಬರಲ್ಲ. ಅವರನ್ನು "ನಿಮಗೆ ಯಾವ ಭಾಷೆ ಬರುತ್ತೆ?" ಅಂತ ಕೇಳ್ತೀವಿ. ಅಜ್ಜಿಯನ್ನು ಕೇಳಲ್ಲ, ಮಸಿ ಡಬ್ಬಿ ಮುಂದಿಡ್ತೀವಿ. ಭಾಷೆ ಇಬ್ಬರಿಗೂ ತೊಡಕೇ. ಆದರೆ ಗೊತ್ತಿಲ್ಲದ್ದನ್ನು ದಡ್ಡತನ ಅಂತ ತೀರ್ಮಾನ ಮಾಡಿದ್ದು ನರೆತ ಕೂದಲು ನೋಡಿ.

ಆದ್ದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ಗೆಳೆಯರಿಗೆ ಒಂದು ವಿನಂತಿ. ಹಿರಿಯರನ್ನು "ಓದು ಬರುತ್ತಾ?" ಅಂತ ಕೇಳಬೇಡಿ, "ಯಾವ ಅಕ್ಷರ ಬರುತ್ತೆ?" ಅಂತ ಕೇಳಿ. ಪಕ್ಕದಲ್ಲಿರುವ ಮೊಮ್ಮಗ ಬಾಯಿ ಹಾಕಿದರೆ ಸ್ವಲ್ಪ ತಡೀರಿ. ಅವತ್ತು ನನ್ನನ್ನೂ ಯಾರಾದರೂ ತಡೆಯಬೇಕಿತ್ತು.