ಸುಂಕದ ಗಡಿಯೊಳಗೆ ಮಂಡ್ಯದ ಬೇಸಾಯ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತರ ಕೈಯಲ್ಲಿ ನಗದು ಓಡಾಡುವಂತೆ ಮಾಡಿದ ಕಬ್ಬು, ರೇಷ್ಮೆಗೂಡು, ಹಾಲು ಮೂರೂ ಕಾಯಲಾರದ ಸರಕುಗಳು. ಕಡಿದ ಕಬ್ಬಿನಲ್ಲಿ ದಿನಗಳೆದಂತೆ ಸಕ್ಕರೆಯ ಅಂಶ ಇಳಿಯುತ್ತದೆ, ಗೂಡನ್ನು ಸಕಾಲಕ್ಕೆ ಮಾರದಿದ್ದರೆ ಚಿಟ್ಟೆ ಅದನ್ನು ತೂತುಮಾಡಿ ಹೊರಬಂದು ಎಳೆ ಕಡಿದುಹೋಗುತ್ತದೆ, ಹಾಲು ಹೊತ್ತು ಮೀರಿದರೆ ಒಡೆಯುತ್ತದೆ. ರಾಗಿಯಂತೆ ಕಣಜಕ್ಕೆ ತುಂಬಿ ಒಳ್ಳೆಯ ಬೆಲೆಗಾಗಿ ಕಾಯಲು ಬಾರದ ಈ ಬೇಸಾಯಕ್ಕೆ, ಹೊರನಾಡಿನ ಅಗ್ಗದ ಸರಕನ್ನು ತಡೆಯುವ ಆಮದು ಸುಂಕವೇ ಆಸರೆಯಾಗಿದೆ.

ಬಂದರಿಲ್ಲದ ಮೈಸೂರು ಸಂಸ್ಥಾನವು ಬ್ರಿಟಿಷ್ ಭಾರತದೊಡನೆ ಬಹುಮಟ್ಟಿಗೆ ಒಂದು ಸುಂಕ ಒಕ್ಕೂಟದಲ್ಲಿತ್ತು. ಎಂದರೆ, ಹೊರಗಿನ ಸರಕಿಗೆ ಒಂದೇ ಸುಂಕ ತೆರುವ ಸಮಾನ ಮಾರುಕಟ್ಟೆಯ ಭಾಗವಾಗಿತ್ತು. ಜಾವಾದ ಸಕ್ಕರೆಯ ಹೊಡೆತದಿಂದ ದೇಶೀಯ ಉದ್ಯಮವನ್ನು ಉಳಿಸಲು 1932ರಲ್ಲಿ ದೆಹಲಿಯಲ್ಲಿ ಸಕ್ಕರೆ ರಕ್ಷಣಾ ಕಾಯ್ದೆ ಬಂದಾಗ, ಕನ್ನಂಬಾಡಿ ಅಣೆಕಟ್ಟೆಯ ನೀರು ಆಗಿನ ಇರ್ವಿನ್ ನಾಲೆಯ ಮೂಲಕ ಮಂಡ್ಯದ ಬಯಲಿಗೆ ಹರಿಯತೊಡಗಿದ ಕಾಲವೂ ಅದೇ ಆಗಿತ್ತು. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ನರ ದುಡಿಮೆ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಆಡಳಿತದ ಬೆಂಬಲದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1934ರಲ್ಲಿ ಚೀನಾ ಮತ್ತು ಜಪಾನಿನ ರೇಷ್ಮೆಯ ಪೈಪೋಟಿಯ ವಿರುದ್ಧವೂ ರಕ್ಷಣಾ ಸುಂಕ ಜಾರಿಗೆ ಬಂದು, ಹಿಪ್ಪುನೇರಳೆ ಬೆಳೆಗಾರರು ತುಸು ಉಸಿರಾಡುವಂತಾಯಿತು. ಆದರೆ ಈ ಸುಂಕಗಳನ್ನು ನಿರ್ಧರಿಸುತ್ತಿದ್ದ ಶಾಸನಸಭೆಯಲ್ಲಿ ಸಂಸ್ಥಾನದ ಪ್ರಜೆಗಳಿಗೆ ಸ್ಥಾನವಿರಲಿಲ್ಲ.

1950ರ ಏಪ್ರಿಲ್ 1ರಂದು ಸಂಸ್ಥಾನಗಳ ಹಣಕಾಸು ವ್ಯವಸ್ಥೆ ಭಾರತ ಒಕ್ಕೂಟದೊಡನೆ ವಿಲೀನವಾದ ಮೇಲೆ, ಸುಂಕದ ಅಧಿಕಾರ ದೆಹಲಿಯಲ್ಲೇ ಉಳಿದರೂ, ಅದನ್ನು ಪ್ರಶ್ನಿಸುವ ಮತ ಮಂಡ್ಯದ ರೈತನಿಗೆ ದಕ್ಕಿತು. ಆ ಮತದ ಬೆಲೆ ತಿಳಿದದ್ದು ಸುಂಕ ಸಡಿಲಿದಾಗ: 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿದು ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು, ಬಳಿಕ 2013ರಲ್ಲಿ ಸುಂಕವನ್ನು ಶೇಕಡ 15ಕ್ಕೆ ಏರಿಸಲಾಯಿತು.

ಸುಂಕ ಸಡಿಲಿಕೆಯ ಇದೇ ಪ್ರಶ್ನೆ ಹಾಲಿನ ವಿಷಯದಲ್ಲಿ ಇನ್ನೂ ದೊಡ್ಡದಾಗಿ ಎದ್ದಿತು. ಹದಿನಾರು ದೇಶಗಳ ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ, ಅಂದರೆ ಆರ್‌ಸಿಇಪಿ ಎಂಬ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಭಾರತ ಸೇರಿದ್ದರೆ, ತನ್ನ ಹಾಲಿನ ಬಹುಪಾಲನ್ನು ರಫ್ತು ಮಾಡುವ ನ್ಯೂಜಿಲೆಂಡಿನ ಹಾಲಿನಪುಡಿ ಕಡಿಮೆ ಸುಂಕದಲ್ಲಿ ಒಳಬರುವ ಭೀತಿಯಿತ್ತು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೇರಿಗೆ ಹಳ್ಳಿಯ ಸಂಘಗಳ ಮೂಲಕ ಹಾಲು ಹಾಕುವ, ಒಂದೆರಡು ಹಸು ಕಟ್ಟಿದ ಮನೆಗಳಿಗೆ ಆ ಪೈಪೋಟಿಯನ್ನು ತಾಳಿಕೊಳ್ಳುವ ಬಂಡವಾಳವಿರಲಿಲ್ಲ. ರೈತಸಂಘಟನೆಗಳೂ ಸಹಕಾರಿ ಹಾಲು ಒಕ್ಕೂಟಗಳೂ ಪ್ರತಿಭಟಿಸಿದ ಬೆನ್ನಲ್ಲೇ, 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹಿಂದೆ ಸರಿಯಿತು.

ವಿಶಾಲ ಮಾರುಕಟ್ಟೆಯನ್ನು ಸೇರುವುದರಿಂದಲೇ ರೈತ ಕೆಡುವುದಿಲ್ಲ ಎಂಬುದಕ್ಕೆ ಮಂಡ್ಯದ ಸಕ್ಕರೆಯೇ ಸಾಕ್ಷಿ. ಆದರೆ ಕಾಯಲಾರದ ಸರಕನ್ನು ಬೆಳೆಯುವವನನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಕೇಳಬೇಕು, ಬೆಲೆ ಬಿದ್ದ ಮೇಲೆ ಕೊಡುವ ಪರಿಹಾರ ಅದಕ್ಕೆ ಬದಲಾಗಲಾರದು.