ಎದೆಯಳತೆಯ ಕವಚ: ದಗಲೆ, ಪೇಟಿ, ಪ್ಲೇಟ್ ಕ್ಯಾರಿಯರ್

ಕವಚದ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ಲೋಹದ ಚರಿತ್ರೆಯನ್ನೇ ಬರೆದಿದ್ದಾರೆ. ಕಂಚು ಹೋಗಿ ಕಬ್ಬಿಣ ಬಂತು, ಕಬ್ಬಿಣ ಹೋಗಿ ಉಕ್ಕು ಬಂತು, ಕೋವಿ ಬಂದ ಮೇಲೆ ಕವಚವೇ ಹೋಯಿತು ಎಂಬಷ್ಟಕ್ಕೆ ಆ ಕಥೆ ಮುಗಿಯುತ್ತದೆ. ಕನ್ನಡ ಮಾತು, ಕನ್ನಡ ನಾಡಿನ ಯುದ್ಧಪದ್ಧತಿ ಮತ್ತು ಕಾಸರಗೋಡು ಸೀಮೆಯ ರಂಗವೇಷ ಇವು ಮೂರನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಬೇರೊಂದು ಕಥೆ ಕಾಣುತ್ತದೆ. ಮೈಯ ಯಾವ ಭಾಗ ಮುಚ್ಚಬೇಕು, ಯಾವುದನ್ನು ಬಿಡಬೇಕು, ಎಷ್ಟು ಭಾರ ಹೊರಬಹುದು, ಯಾವುದರಿಂದ ಬಿಗಿಯಬೇಕು ಎಂಬ ನಾಲ್ಕು ಪ್ರಶ್ನೆಗಳ ಸುತ್ತ ಆ ಕಥೆ ನಡೆಯುತ್ತದೆ. ಇಂದು ಪೊಲೀಸರೂ ಸೈನಿಕರೂ ತೊಡುವ, ಗುಂಡು ತಡೆಯುವ ಫಲಕಗಳನ್ನು ಹೊರುವ ಪ್ಲೇಟ್ ಕ್ಯಾರಿಯರ್ ಆ ಪ್ರಶ್ನೆಗಳಿಗೆ ಸಿಕ್ಕ ಇತ್ತೀಚಿನ ಉತ್ತರ. ಉತ್ತರ ಹೊಸದು, ಪ್ರಶ್ನೆಗಳು ಎರಡು ಸಾವಿರ ವರ್ಷಕ್ಕೂ ಹಳೆಯವು ಎಂಬುದು ಈ ಲೇಖನದ ವಾದ.

ಮೊದಲು ಮಹಾಭಾರತದ ಒಂದು ಪ್ರಸಂಗ. ಜಯದ್ರಥನ ವಧೆಯ ದಿನ ದ್ರೋಣ ಮಂತ್ರ ಹೇಳಿ ದುರ್ಯೋಧನನಿಗೆ ಅಭೇದ್ಯವಾದ ಕವಚ ಕಟ್ಟುತ್ತಾನೆ. ಅರ್ಜುನನ ಬಾಣಗಳು ತಾಗಿ ತಾಗಿ ಕೆಳಗೆ ಬೀಳುತ್ತವೆ. ಕೃಷ್ಣನಿಗೆ ಆಶ್ಚರ್ಯ. ಅರ್ಜುನ ಕಾರಣ ಹೇಳುತ್ತಾನೆ: ಕವಚ ಗಟ್ಟಿಯೇ, ತೊಟ್ಟವನಿಗೆ ಮಾತ್ರ ಅದನ್ನು ತೊಟ್ಟು ಏನು ಮಾಡಬೇಕೆಂದು ತಿಳಿಯದು. ಆಮೇಲೆ ಕವಚ ಮುಚ್ಚದ ಅಂಗೈಗೆ ಗುರಿಯಿಟ್ಟು ಅವನನ್ನು ಹಿಮ್ಮೆಟ್ಟಿಸುತ್ತಾನೆ. ರಕ್ಷೆಯ ಬಲವನ್ನು ಅದರ ಲೋಹ ಮಾತ್ರ ನಿರ್ಧರಿಸುವುದಿಲ್ಲ, ಅದು ಮುಚ್ಚಿದ ಜಾಗ ಮತ್ತು ತೊಟ್ಟವನ ಅಭ್ಯಾಸವೂ ನಿರ್ಧರಿಸುತ್ತವೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಪ್ರಸಂಗ ನನ್ನ ಓದಿನಲ್ಲಿ ಸಿಕ್ಕಿಲ್ಲ. ಅದೇ ಕಾವ್ಯದಲ್ಲಿ ಅರ್ಜುನ ಎದುರಿಸುವ ದಾನವರ ಹೆಸರು ನಿವಾತಕವಚರು, ಗಾಳಿಯೂ ನುಗ್ಗದಂಥ ಕವಚದವರು. ಕರ್ಣನದಂತೂ ಹುಟ್ಟಿನೊಡನೆ ಬಂದದ್ದು. ಮೈ ಬೆಳೆದಂತೆ ಬೆಳೆಯುವ ಕವಚಕ್ಕೆ ಅಳತೆಯ ಚಿಂತೆಯಿಲ್ಲ. ಉಳಿದ ಮನುಷ್ಯರೆಲ್ಲರಿಗೂ ಅದೇ ದೊಡ್ಡ ಚಿಂತೆ.

ಆ ಚಿಂತೆಯ ಮೊದಲ ಶಾಸ್ತ್ರೀಯ ದಾಖಲೆ ನಮಗೆ ಸಿಕ್ಕಿದ್ದು ಮೈಸೂರಿನಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಮೈಸೂರಿನ ಓರಿಯೆಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು. 1909ರಲ್ಲಿ ಅದರ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅವರು ಅಚ್ಚು ಹಾಕಿಸಿದರು. ಆಯುಧಾಗಾರದ ಅಧ್ಯಕ್ಷನ ಕರ್ತವ್ಯ ಹೇಳುವ ಅಧ್ಯಾಯದಲ್ಲಿ ಕವಚಗಳನ್ನು ಎರಡು ಬಗೆಯಲ್ಲಿ ವಿಂಗಡಿಸಲಾಗಿದೆ. ಒಂದು ವಿಂಗಡಣೆ ಯಾವುದರಿಂದ ಮಾಡಿದ್ದು ಎಂಬುದರದು: ಲೋಹದ ಬಲೆ, ಲೋಹದ ಪಟ್ಟಿ, ನೂಲಿನ ರಕ್ಷೆ, ಘೇಂಡಾಮೃಗ, ಆನೆ, ಹಸು ಮೊದಲಾದ ಪ್ರಾಣಿಗಳ ಚರ್ಮ, ಗೊರಸು, ಕೊಂಬು. ಇನ್ನೊಂದು ಮೈಯ ಎಷ್ಟು ಭಾಗ ಮುಚ್ಚುತ್ತದೆ ಎಂಬುದರದು. ಶಾಮಶಾಸ್ತ್ರಿಗಳು ಅರ್ಥ ಮಾಡಿದಂತೆ ಕಂಠತ್ರಾಣ ಕೊರಳಿಗೆ, ಕೂರ್ಪಾಸ ಮುಂಡಕ್ಕೆ, ಕಂಚುಕ ಮೊಣಕಾಲಿನವರೆಗೆ, ವಾರವಾಣ ಹಿಮ್ಮಡಿಯವರೆಗೆ. ಇವುಗಳ ನಡುವೆ ‘ಪಟ್ಟ’ ಎಂಬುದೊಂದಿದೆ, ತೋಳುಗಳನ್ನು ಮುಚ್ಚದ ಅಂಗಿ. ತೋಳು ಬಿಟ್ಟು ಎದೆ ಮುಚ್ಚುವ ಆಯ್ಕೆ ಆ ಕಾಲಕ್ಕೇ ಒಂದು ಪ್ರತ್ಯೇಕ ಹೆಸರು ಪಡೆದಿತ್ತು ಎಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು. ಕತ್ತಿ ಬೀಸುವವನಿಗೆ ತೋಳು ಬೇಕು, ಬಂದೂಕು ಹಿಡಿಯುವವನಿಗೂ ಬೇಕು.

ಕನ್ನಡದಲ್ಲಿ ಇದಕ್ಕೆ ಪದಗಳ ಕೊರತೆಯಿರಲಿಲ್ಲ. ಕವಚ, ತನುತ್ರ, ಸನ್ನಾಹಗಳು ಸಂಸ್ಕೃತದಿಂದ ಬಂದವು. ತಲೆಗೆ ಸೀಸಕ, ಕೈಯಲ್ಲಿ ಹರಿಗೆ. ಜನರ ಬಾಯಿಗೆ ಹತ್ತಿರವಾದ ಎರಡು ಪದಗಳು ‘ಜೋಡು’ ಮತ್ತು ‘ವಜ್ರಾಂಗಿ’. ಇಂದು ಜೋಡು ಎಂದರೆ ಕಾಲಿನ ಮೆಟ್ಟು ನೆನಪಾಗುತ್ತದೆ, ಆದರೆ ನಡುಗನ್ನಡದಲ್ಲಿ ಯುದ್ಧಕ್ಕೆ ಹೊರಟವನು ತೊಡುತ್ತಿದ್ದುದೂ ಜೋಡೇ. ಎದೆಗೊಂದು ಬೆನ್ನಿಗೊಂದು ಎಂಬ ಜೋಡಿಯ ಕಲ್ಪನೆ ಆ ಪದದ ಹಿಂದೆ ಇದ್ದಿರಬೇಕೆಂಬುದು ನನ್ನ ಊಹೆ. ವಜ್ರಾಂಗಿಯ ವಿಷಯಕ್ಕೆ ಮುಂದೆ ಬರುತ್ತೇನೆ.

ವಿಜಯನಗರಕ್ಕೆ ಬಂದಾಗ ವಸ್ತು ಕಣ್ಣಿಗೆ ಕಟ್ಟುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಹೊತ್ತಿಗೆ, ಮಹಾನವಮಿಯ ಸೇನಾ ಪ್ರದರ್ಶನ ನೋಡಿದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಕುದುರೆ ಸವಾರರ ಅಂಗಿಗಳನ್ನು ಬಿಡಿಸಿ ವರ್ಣಿಸಿದ್ದಾನೆ. ಮೇಲೆ ರೇಷ್ಮೆ, ಮಖಮಲ್ಲು, ಜರತಾರಿ. ಒಳಗೆ ಪದರು ಪದರಾಗಿ ಹಸಿ ಚರ್ಮ, ಆ ಪದರುಗಳ ಜೊತೆಗೆ ಕಬ್ಬಿಣದ ಫಲಕಗಳು. ಕೆಲವರ ಫಲಕಗಳಿಗೆ ಚಿನ್ನದ ಲೇಪ, ಕೆಲವರದು ಬೆಳ್ಳಿಯವು. ತಲೆಗೆ ಕೊರಳು ಮುಚ್ಚುವ ಅಂಚಿನ ಟೊಪ್ಪಿಗೆ. ಬಟ್ಟೆಯೂ ಚರ್ಮವೂ ಹೊರುವುದಕ್ಕೆ, ಫಲಕ ತಡೆಯುವುದಕ್ಕೆ ಎಂಬ ಕೆಲಸದ ವಿಭಾಗ ಇಲ್ಲಿ ಪೂರ್ಣವಾಗಿ ನಡೆದಿದೆ. ಇಂದಿನ ಪ್ಲೇಟ್ ಕ್ಯಾರಿಯರ್‌ನಲ್ಲಿ ನೈಲಾನ್ ಬಟ್ಟೆಯ ಚೀಲ ಹೊರುತ್ತದೆ, ಅದರೊಳಗಿನ ಫಲಕ ತಡೆಯುತ್ತದೆ. ತತ್ತ್ವ ಅದೇ.

ಉತ್ತರದ ಮೊಗಲರಲ್ಲೂ ದಖ್ಖಣದ ಸುಲ್ತಾನರಲ್ಲೂ ಬಳಕೆಯಲ್ಲಿದ್ದ ‘ಚಾರ್ ಆಯಿನಾ’ ಇನ್ನೂ ಹತ್ತಿರದ ಪೂರ್ವಜ. ಹೆಸರಿನ ಅರ್ಥ ನಾಲ್ಕು ಕನ್ನಡಿಗಳು. ಎದೆಗೊಂದು, ಬೆನ್ನಿಗೊಂದು, ಎರಡು ಕಂಕುಳ ಕೆಳಗೆ ಒಂದೊಂದು ಉಕ್ಕಿನ ಫಲಕ. ಪಕ್ಕದ ಫಲಕಗಳ ಮೇಲಂಚಿನಲ್ಲಿ ತೋಳಾಡಲು ಕಮಾನಿನಂತೆ ಕತ್ತರಿಸಿದ ಜಾಗ. ಸರಪಳಿ ಅಂಗಿಯ ಮೇಲೆ ಪಟ್ಟಿಗಳಿಂದ ಇವನ್ನು ಬಿಗಿಯುತ್ತಿದ್ದರು. ಅಬುಲ್ ಫಜಲನ ಐನ್-ಇ-ಅಕ್ಬರಿಯ ಆಯುಧಶಾಲೆಯ ಪಟ್ಟಿಯಲ್ಲಿ ಇದರ ಹೆಸರಿದೆ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಮುಂದಿನ ಪ್ಲೇಟು, ಹಿಂದಿನ ಪ್ಲೇಟು, ಎರಡು ಸೈಡ್ ಪ್ಲೇಟು. ಫಲಕಗಳನ್ನು ಮೈಗೆ ಬಿಗಿಯುವ ಅಗಲವಾದ ಸೊಂಟಪಟ್ಟಿಗೆ ಇಂದು ಜಗತ್ತಿನಾದ್ಯಂತ ತಯಾರಕರು ಬಳಸುವ ಹೆಸರು ‘ಕಮರ್‌ಬಂಡ್’. ಪಾರಸಿಯಿಂದ ಹಿಂದುಸ್ತಾನಿಗೆ, ಇಲ್ಲಿಂದ ಕಂಪನಿ ಕಾಲದ ಇಂಗ್ಲಿಷಿಗೆ ಹೋದ ‘ಕಮರ್‌ಬಂದ್’ ಅದು, ನಮ್ಮ ನಡುಕಟ್ಟು.

ಕರಾವಳಿಗೆ ಇಳಿದರೆ ಚಿತ್ರ ಬದಲಾಗುತ್ತದೆ. 16ನೇ ಶತಮಾನದ ಮೊದಲಲ್ಲಿ ಕುಂಬಳೆಯನ್ನೂ ಅದರ ದಕ್ಷಿಣದ ಮಲೆಯಾಳವನ್ನೂ ವರ್ಣಿಸಿದ ಪೋರ್ಚುಗೀಸ ದುವಾರ್ಟೆ ಬಾರ್ಬೋಸಾ ಕಂಡ ನಾಯರ್ ಯೋಧರು ಸೊಂಟದ ಮೇಲೆ ಬರಿಮೈಯವರು, ಕೈಯಲ್ಲಿ ಕತ್ತಿ ಗುರಾಣಿ. ಅವರ ಗರಡಿಯಾದ ಕಳರಿಯಲ್ಲಿ ನಡುವಿಗೆ ಸುತ್ತುವ ಉದ್ದನೆಯ ಕಚ್ಚೆಯೇ ಮೈಗೆ ಬಿಗಿ. ಇದನ್ನು ಬಡತನವೆಂದಾಗಲಿ ಹಿಂದುಳಿದದ್ದೆಂದಾಗಲಿ ಓದುವುದು ತಪ್ಪು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಕಾಸರಗೋಡು ಸೀಮೆಯಲ್ಲಿ ಕಬ್ಬಿಣದ ಬಲೆಯಂಗಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಹೊಳೆ, ಗದ್ದೆ, ಕಾಡಿನ ಇಕ್ಕಟ್ಟಿನಲ್ಲಿ ಕಾಲಾಳು ಕಾದುವ ನಾಡಿದು, ಕುದುರೆ ದಂಡು ಓಡುವ ಬಯಲಲ್ಲ. ಹಗುರವಾಗಿರುವುದೇ ಇಲ್ಲಿ ರಕ್ಷೆ. ನಾಲ್ಕು ಪ್ರಶ್ನೆಗಳಲ್ಲಿ ಮೂರನೆಯದಕ್ಕೆ, ಭಾರದ ಪ್ರಶ್ನೆಗೆ, ಕರಾವಳಿ ಕೊಟ್ಟ ಉತ್ತರ ಅದು.

ಕೋವಿ ಬಂದ ಮೇಲೆ ಮೈಯ ಕವಚದ ಕೆಲಸ ಗೋಡೆಗೆ ಹೋಯಿತು. 17ನೇ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಕಟ್ಟಿದ್ದೆನ್ನಲಾದ ಬೇಕಲದ ಕೋಟೆ ಸುಮಾರು 40 ಎಕರೆ ಹರಡಿದೆ. ಅದರ ಕೆಂಪುಕಲ್ಲಿನ ಗೋಡೆಯಲ್ಲಿ ಗುಂಡು ಹಾರಿಸುವ ರಂಧ್ರಗಳನ್ನು ಮೂರು ಹಂತದಲ್ಲಿ ಕೊರೆದಿದ್ದಾರೆ: ಮೇಲಿನದು ದೂರದ ಶತ್ರುವಿಗೆ, ನಡುವಿನದು ಹತ್ತಿರ ಬಂದವನಿಗೆ, ಕೆಳಗಿನದು ಗೋಡೆಯ ಬುಡ ತಲುಪಿದವನಿಗೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಈ ಕರಾವಳಿಯೂ ಅವನ ಕೈಸೇರಿತು, ಟಿಪ್ಪುವಿನ ಕಾಲಕ್ಕೆ ಬೇಕಲ ಮುಖ್ಯ ಸೇನಾಠಾಣೆಯಾಯಿತು. ಆದರೂ ಮೈಸೂರಿನ ಪಡೆಯಲ್ಲಿ ಕವಚ ಸಂಪೂರ್ಣ ಮರೆಯಾಗಿರಲಿಲ್ಲ. ‘ಪೇಟಿ’ ಎಂಬುದು ಹತ್ತಿ ತುಂಬಿ ಒತ್ತಾಗಿ ಹೊಲಿದ, ಎದೆ ಹೊಟ್ಟೆಗೆ ಸುತ್ತಿ ಕಟ್ಟುವ ಅಗಲವಾದ ಪಟ್ಟಿ. ಟಿಪ್ಪುವಿನದೆನ್ನಲಾದ ಅಂಥ ಹೊಲಿಗೆಯ ರಕ್ಷೆಯೂ ಶಿರಸ್ತ್ರಾಣವೂ ಬ್ರಿಟನ್ನಿನ ಸಂಗ್ರಹಗಳಿಗೆ ಸೇರಿವೆ. ಹತ್ತಿಯ ಪದರು ಕತ್ತಿಯ ಏಟನ್ನು ಹೀರುತ್ತದೆ, ತುಕ್ಕು ಹಿಡಿಯುವುದಿಲ್ಲ, ಊರಿನ ಹೊಲಿಗೆಯವನೇ ಮೈಯಳತೆಗೆ ಹೊಲಿದು ಕೊಡಬಲ್ಲ.

ಈ ಹೊಲಿಗೆಯ ಕವಚದ ನೆನಪು ಕಾಸರಗೋಡಿನಲ್ಲಿ ಇಂದಿಗೂ ಜೀವಂತವಾಗಿರುವುದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಿಡಾರದಲ್ಲಿ, ಎಂದು ನಾನು ನಂಬುತ್ತೇನೆ. ಯಕ್ಷಗಾನ ಕವಿ ಪಾರ್ತಿ ಸುಬ್ಬನ ಕುಂಬಳೆ ಸೀಮೆ ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ತವರು. ವೇಷಧಾರಿ ಮೈಗೆ ತೊಡುವ ಅಂಗಿಗೆ ಅಲ್ಲಿ ಹೇಳುವ ಹೆಸರು ‘ದಗಲೆ’. ಮರಾಠಿ, ಹಿಂದುಸ್ತಾನಿಗಳ ‘ದಗಲಾ’ ಇದೇ ಬಳಗದ ಪದ, ಹತ್ತಿ ತುಂಬಿದ ನಿಲುವಂಗಿ. ದಗಲೆಯ ಮೇಲೆ ಎದೆಪದಕ, ಹೆಗಲಿಗೆ ಭುಜಕೀರ್ತಿ, ಮುಂಗೈಗೆ ಕೈಕಟ್ಟು. ಹಗುರವಾದ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸಿದ ಈ ತುಂಡುಗಳು ಒಂದೊಂದೂ ಯುದ್ಧಕವಚದ ಒಂದೊಂದು ಭಾಗಕ್ಕೆ ಸರಿಹೊಂದುತ್ತವೆ. ಕೌಟಿಲ್ಯನ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ: ಮುಂಡಕ್ಕೆ ಬೇರೆ, ಕೊರಳಿಗೆ ಬೇರೆ, ಕೈಗೆ ಬೇರೆ. ಚೌಕಿಯಲ್ಲಿ ವೇಷವನ್ನು ‘ಕಟ್ಟುತ್ತಾರೆ’. ಹಗ್ಗ, ದಾರ, ನಡುಕಟ್ಟುಗಳಿಂದ ತುಂಡು ತುಂಡಾಗಿ ಬಿಗಿಯುತ್ತಾರೆ. ಬಿಗಿ ಕಡಿಮೆಯಾದರೆ ಧೀಂಗಿಣ ಹಾಕುವಾಗ ಆಭರಣ ಜಾರುತ್ತದೆ, ಹೆಚ್ಚಾದರೆ ಪದ ಮುಗಿಯುವ ಮೊದಲೇ ಉಸಿರು ಕಟ್ಟುತ್ತದೆ. ರಾತ್ರಿಯಿಡೀ ಕುಣಿಯಬೇಕಾದ ಮೈಗೆ ಭಾರವನ್ನು ಹೆಗಲಿಗೂ ಸೊಂಟಕ್ಕೂ ಹಂಚಿ ಕೂರಿಸುವ ಈ ವಿದ್ಯೆಯನ್ನು ಯಾವ ಕವಚಶಾಸ್ತ್ರಜ್ಞನೂ ಗೌರವದಿಂದ ನೋಡಬೇಕು.

ಕವಚ ಯುದ್ಧಭೂಮಿಗೆ ಮರಳಿದ್ದು 20ನೇ ಶತಮಾನದಲ್ಲಿ. 1965ರಲ್ಲಿ ಡ್ಯೂಪಾಂಟ್ ಸಂಸ್ಥೆಯ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದ ನಾರು ಕೆವ್ಲಾರ್ ಆಯಿತು. ಮೃದು ಜಾಕೆಟ್ಟುಗಳು ಪಿಸ್ತೂಲಿನ ಗುಂಡು ತಡೆದವು, ರೈಫಲ್ಲಿನದನ್ನಲ್ಲ. ರೈಫಲ್ಲಿಗೆ ಗಟ್ಟಿ ಫಲಕವೇ ಬೇಕಾಯಿತು. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್ ಸಿಬ್ಬಂದಿ ಸೆರಾಮಿಕ್ ಫಲಕ ತೊಟ್ಟರು. ಸೆರಾಮಿಕ್ಕಿನ ಗಡಸು ಮುಖ ಗುಂಡಿನ ತುದಿಯನ್ನು ಒಡೆಯುತ್ತದೆ, ಹಿಂದಿನ ನಾರಿನ ಪದರು ಚೂರುಗಳನ್ನು ಹಿಡಿಯುತ್ತದೆ. ಫಲಕಗಳಲ್ಲಿ ಬಳಸುವ ಬೋರಾನ್ ಕಾರ್ಬೈಡ್ ಗಡಸುತನದಲ್ಲಿ ವಜ್ರದ ಸಮೀಪಕ್ಕೆ ಬರುವ ಕೆಲವೇ ವಸ್ತುಗಳಲ್ಲಿ ಒಂದು. ನಮ್ಮ ಹಿರಿಯರು ಬಾಯಿಮಾತಿಗೆ ಕರೆದ ವಜ್ರಾಂಗಿ ಈಗ ಹೆಚ್ಚುಕಡಿಮೆ ಅಕ್ಷರಶಃ ನಿಜವಾಗಿದೆ.

ಭಾರತದಲ್ಲಿ ಇದಕ್ಕೆ ಸ್ವಂತ ಮಾನದಂಡ ಬಂದದ್ದು 2018ರಲ್ಲಿ, ಐಎಸ್ 17051. ಅದೇ ವರ್ಷದ ಏಪ್ರಿಲ್‌ನಲ್ಲಿ ಸೇನೆಗಾಗಿ 1,86,138 ಜಾಕೆಟ್ಟುಗಳ ಒಪ್ಪಂದವಾಯಿತು. 2024ರ ಏಪ್ರಿಲ್‌ನಲ್ಲಿ ರಕ್ಷಣಾ ಸಂಶೋಧನ ಸಂಸ್ಥೆ ಡಿಆರ್‌ಡಿಒದ ಕಾನ್ಪುರ ಪ್ರಯೋಗಾಲಯ ಈ ಮಾನದಂಡದ ಅತಿ ಹೆಚ್ಚಿನ ಆರನೇ ಮಟ್ಟವನ್ನು ತಡೆಯುವ ಹಗುರ ಜಾಕೆಟ್ ಪ್ರಕಟಿಸಿತು. ಅದರ ಮುಂದಿನ ಫಲಕ ಎರಡು ಬಗೆಯದು. ಮೃದು ಜಾಕೆಟ್ಟಿನ ಜೊತೆ ಸೇರಿ ತಡೆಯುವುದು ಚದರ ಮೀಟರಿಗೆ 40 ಕೆ.ಜಿ.ಗಿಂತ ಕಡಿಮೆ, ಒಂಟಿಯಾಗಿಯೇ ತಡೆಯುವುದು 43 ಕೆ.ಜಿ.ಗಿಂತ ಕಡಿಮೆ. ಆರಿಸುವವರು ಮೊದಲು ತಿಳಿಯಬೇಕಾದ ಭೇದ ಇದು. ಜೊತೆಗಾರ ಜಾಕೆಟ್ ಬೇಕೆಂದು ತಯಾರಿಸಿದ ಫಲಕವನ್ನು ಬರಿಯ ಕ್ಯಾರಿಯರ್‌ನಲ್ಲಿ ತೊಟ್ಟರೆ ಅದು ಹೇಳಿದ ರಕ್ಷೆ ಕೊಡುವುದಿಲ್ಲ.

ಇನ್ನು ಅಳತೆ. ಅಮೆರಿಕದ ಸೇನಾಫಲಕದ ಮಧ್ಯಮ ಗಾತ್ರ 9.5 ಇಂಚು ಅಗಲ, 12.5 ಇಂಚು ಎತ್ತರ. ಚದರ ಮೀಟರಿಗೆ 40 ಕೆ.ಜಿ. ಎಂದಿಟ್ಟು, ಮೂಲೆಯ ಕತ್ತರಿಕೆಯನ್ನು ಗಣಿಸದೆ ಲೆಕ್ಕ ಹಾಕಿದರೆ ಇದು ಸುಮಾರು 3.1 ಕೆ.ಜಿ. ಅಗಲ, ಎತ್ತರ ಒಂದೊಂದು ಇಂಚು ಹೆಚ್ಚಿದರೆ ಸುಮಾರು 3.7 ಕೆ.ಜಿ. ಎದೆ ಬೆನ್ನು ಎರಡಕ್ಕೂ ಸೇರಿ 1.2 ಕೆ.ಜಿ. ಹೆಚ್ಚುವರಿ, ಅದೂ ತೋಳಾಡಿಸಲು ಬೇಕಾದ ಜಾಗವನ್ನು ಕಬಳಿಸಿಕೊಂಡು. ಆದ್ದರಿಂದ ದೊಡ್ಡದು ತೊಟ್ಟರೆ ಹೆಚ್ಚು ಸುರಕ್ಷಿತ ಎಂಬ ನಂಬಿಕೆ ನಿಲ್ಲುವುದಿಲ್ಲ. ಫಲಕ ಇರುವುದು ಗುಂಡು ತಾಗಿದರೆ ನಿಮಿಷಗಳಲ್ಲಿ ಪ್ರಾಣ ಹೋಗುವ ಹೃದಯ, ಮಹಾರಕ್ತನಾಳ, ಬೆನ್ನುಹುರಿಗಳಿಗಾಗಿ. ಮೇಲಂಚು ಎರಡು ಕೊರಳೆಲುಬುಗಳ ನಡುವಿನ ತಗ್ಗಿಗೆ ಸರಿಯಾಗಿ ಕೂರಬೇಕು, ಅಗಲ ಒಂದು ಮೊಲೆತೊಟ್ಟಿನಿಂದ ಇನ್ನೊಂದಕ್ಕೆ, ಕೆಳಂಚು ಹೊಕ್ಕುಳಿಗಿಂತ ಎರಡು ಮೂರು ಬೆರಳು ಮೇಲೆ. ಕೂತಾಗ ಅದು ತೊಡೆಗೆ ತಾಗಿ ಮೇಲೆದ್ದು ಕೊರಳಿಗೆ ಒತ್ತಿದರೆ ಉದ್ದ ಹೆಚ್ಚಾಯಿತೆಂದು ಅರ್ಥ. ಬಾರ್ಬೋಸಾ ಕಂಡ ಬರಿಮೈಯೂ ಚಾರ್ ಆಯಿನಾದ ಕಂಕುಳ ಕಮಾನೂ ಇದನ್ನೇ ಹೇಳುತ್ತಿದ್ದವು.

ಕ್ಯಾರಿಯರ್ ಫಲಕದ ಅಳತೆಗೆ ಇರಬೇಕು, ತೊಡುವವರ ಷರ್ಟಿನ ಅಳತೆಗಲ್ಲ. ಸಡಿಲ ಚೀಲದಲ್ಲಿ ಫಲಕ ಜಾರಿ ಎರಡು ಇಂಚು ಕೆಳಗಿಳಿದರೆ ಹೃದಯದ ಮೇಲಿನ ಮಹಾರಕ್ತನಾಳಗಳು ರಕ್ಷೆಯಿಲ್ಲದೆ ಉಳಿಯುತ್ತವೆ. ಎತ್ತರ ಸರಿಪಡಿಸುವುದು ಹೆಗಲ ಪಟ್ಟಿಯಿಂದ, ಭಾರ ಹಂಚುವುದು ಸೊಂಟಪಟ್ಟಿಯಿಂದ. ಹೆಣ್ಣುಮಕ್ಕಳು ಪೊಲೀಸ್ ಪಡೆಗಳಿಗೆ ಸೇರುತ್ತಿರುವ ಈ ಕಾಲದಲ್ಲಿ ಗಂಡಸಿನ ಎದೆಗೆ ಬಾಗಿಸಿದ ಫಲಕವನ್ನೇ ಅವರಿಗೂ ಕೊಡುವುದು ದೊಡ್ಡ ತಪ್ಪು. ಫಲಕ ಮೈಗೆ ಅಂಟದೆ ಪಕ್ಕದಲ್ಲಿ ತೆರಪು ಉಳಿಯುತ್ತದೆ.

ನಮ್ಮ ಕರಾವಳಿಯ ತೇವಕ್ಕೂ ಇಲ್ಲಿ ಸ್ಥಾನವಿದೆ. ಉಕ್ಕಿನ ಫಲಕ ತುಕ್ಕು ಹಿಡಿಯುತ್ತದೆ, ಗುಂಡಿನ ಚೂರುಗಳನ್ನು ಕೊರಳ ಕಡೆಗೆ ಸಿಡಿಸುತ್ತದೆ. ಕೆವ್ಲಾರ್ ನೆನೆದರೆ ದುರ್ಬಲವಾಗುತ್ತದೆ, ಹಾಗಾಗಿ ಅದರ ನೀರುನಿರೋಧಕ ಹೊದಿಕೆ ಹರಿದಿರಬಾರದು. ಪಾಲಿಎಥಿಲೀನ್ ಫಲಕ ನೀರಲ್ಲಿ ತೇಲುವಷ್ಟು ಹಗುರ, ಆದರೆ ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗಿನ ಕಾವು ಅದಕ್ಕೆ ಒಳ್ಳೆಯದಲ್ಲ. ಸೆರಾಮಿಕ್ಕನ್ನು ನೆಲಕ್ಕೆ ಬೀಳಿಸಬಾರದು, ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ.

ಈ ಚರಿತ್ರೆಯಲ್ಲಿ ಇನ್ನೂ ಆಗಬೇಕಾದ ಮುಖ್ಯ ಕೆಲಸವೊಂದು ನಮ್ಮ ಕೈಯಳತೆಯಲ್ಲೇ ಇದೆ. ದಗಲೆಯ ಹೊಲಿಗೆ, ಎದೆಪದಕದ ಅಗಲ, ಭುಜಕೀರ್ತಿಯ ತೂಕ, ಯಾವ ಕಟ್ಟು ಎಲ್ಲಿ ಬೀಳುತ್ತದೆ ಎಂಬುದು ತೆಂಕುತಿಟ್ಟಿನ ಹಿರಿಯ ವೇಷಧಾರಿಗಳ ಮತ್ತು ಪ್ರಸಾಧನದವರ ಕೈಯಲ್ಲಿದೆ, ಬರವಣಿಗೆಯಲ್ಲಿ ಸಾಕಷ್ಟು ಬಂದಿಲ್ಲ. ಕಾಸರಗೋಡಿನ ಕನ್ನಡ ಸಂಶೋಧನ ವಿದ್ಯಾರ್ಥಿಗಳು ಒಂದು ಟೇಪು, ಒಂದು ತಕ್ಕಡಿ ಹಿಡಿದು ಚೌಕಿಗೆ ಹೋಗಿ, ವೇಷ ಕಟ್ಟುವ ಹೊತ್ತಿಗೆ ಆ ಅಳತೆಗಳನ್ನು ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.