ಜಾಂಜಿಬಾರ್: ಅಂಚೆ ಚೀಟಿಗಳು

ಪೂರ್ವ ಆಫ್ರಿಕದ ಕರಾವಳಿಯಾಚೆಯ, 1964ರವರೆಗೆ ಪ್ರತ್ಯೇಕವಾಗಿದ್ದ ದ್ವೀಪ ರಾಜ್ಯ. ಇಲ್ಲಿನ ಅಂಚೆಯ ಇತಿಹಾಸ ಭಾರತದ ಅಂಚೆಯೊಂದಿಗೇ ಹೆಣೆದುಕೊಂಡಿದೆ. 1868ರಲ್ಲಿ ತೆರೆದ ಭಾರತೀಯ ಅಂಚೆ ಕಚೇರಿ ಮರುವರ್ಷವೇ ಮುಚ್ಚಿ, 1875ರಲ್ಲಿ ಮತ್ತೆ ಆರಂಭವಾಯಿತು. ಪತ್ರಗಳಿಗೆ ವಿಕ್ಟೋರಿಯಾ ರಾಣಿಯ ಚಿತ್ರವಿದ್ದ ಭಾರತದ ಚೀಟಿಗಳನ್ನೇ ಅಂಟಿಸುತ್ತಿದ್ದರು.

1895ರ ನವೆಂಬರಿನಲ್ಲಿ ಆ ಚೀಟಿಗಳ ಮೇಲೆ ಸ್ಥಳೀಯ ‘ಜಾಂಜಿಬಾರ್ ಗೆಜೆಟ್’ ಮುದ್ರಣಾಲಯದಲ್ಲಿ ದ್ವೀಪದ ಹೆಸರನ್ನು ಅಚ್ಚೊತ್ತಲಾಯಿತು. ಮೊಳೆ ಜೋಡಿಸುವಾಗಿನ ತಪ್ಪಿನಿಂದ ಕೆಲವು ಚೀಟಿಗಳಲ್ಲಿ ‘ಜಾಂಜಿದಾರ್’ ಎಂದಾಯಿತು. ಸಂಗ್ರಾಹಕರು ಇಂದಿಗೂ ಹೆಚ್ಚು ಹುಡುಕುವುದು ಇವನ್ನೇ. ನಕಲಿಗಳೂ ಇರುವುದರಿಂದ ಕೊಳ್ಳುವವರು ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು.

1896ರಲ್ಲಿ ಸುಲ್ತಾನ ಹಮದ್ ಬಿನ್ ತುವೈನಿಯ ಭಾವಚಿತ್ರದ ಸ್ವಂತ ಚೀಟಿಗಳು ಬಂದವು. ಬೆಲೆ ಮಾತ್ರ ಆಣೆ, ರೂಪಾಯಿಗಳಲ್ಲೇ ಇತ್ತು. 1908ರಲ್ಲಿ ಆಣೆಯ ಜಾಗಕ್ಕೆ ಸೆಂಟ್ ಬಂದಿತು. ರೂಪಾಯಿ 1936ರವರೆಗೂ ಉಳಿಯಿತು.